ನೆತ್ತಿಯ ಮೇಲಿನ ಬಿಡಾರ

ತಲೆಯಲ್ಲಿ ಹೊಟ್ಟು ಕಂಡೊಡನೆ ಎಣ್ಣೆ ಸಾಲದೆಂದು ನಾವು ಇನ್ನಷ್ಟು ತಿಕ್ಕುತ್ತೇವೆ. ಆದರೆ ಹೊಟ್ಟಿನ ಹಿಂದಿರುವ ಯೀಸ್ಟ್ ಜಿಡ್ಡನ್ನೇ ಉಂಡು ಬದುಕುವಂಥದು! 1874ರಲ್ಲಿ ಅದನ್ನು ವರ್ಣಿಸಿದ ಫ್ರೆಂಚ್ ವಿಜ್ಞಾನಿ ಮಲಸೇ ಅವರಿಂದಾಗಿ ಅದಕ್ಕೆ ಮಲಸೀಝಿಯ ಎಂಬ ಹೆಸರು. ನಮ್ಮೆಲ್ಲರ ಚರ್ಮದ ಮೇಲೂ ಅದರ ಬಿಡಾರವಿದೆ.

2007ರಲ್ಲಿ ಅದರ ಜೀನುಗಳನ್ನು ಓದಿದಾಗ ಗುಟ್ಟು ರಟ್ಟಾಯಿತು. ಕೊಬ್ಬಿನ ಆಮ್ಲಗಳನ್ನು ತಯಾರಿಸುವ ಕಿಣ್ವದ ಜೀನೇ ಅದಕ್ಕಿಲ್ಲ. ಆದುದರಿಂದ ಪ್ರಯೋಗಶಾಲೆಯಲ್ಲಿ ಅದರ ಬಹುತೇಕ ಜಾತಿಗಳನ್ನು ಬೆಳೆಸಲು ಆಲಿವ್ ಎಣ್ಣೆಯಂಥ ಜಿಡ್ಡು ಬೇಕು.

ಆದರೆ ಗಾಜಿನ ತಟ್ಟೆ ಚರ್ಮವಲ್ಲವಷ್ಟೆ. ಅದಕ್ಕಾಗಿ ನಾವು ಮಾದರಿಗಳ ಮೊರೆ ಹೋಗುತ್ತೇವೆ. ಮಾನವ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರದಲ್ಲಿ ರಕ್ತ ಹರಿಯುವುದಿಲ್ಲ. ಮೇಣದ ಪತಂಗದ ಮರಿಹುಳು 37 ಡಿಗ್ರಿಯಲ್ಲಿ ಬದುಕುತ್ತದೆ. ಆದರೆ ಅದಕ್ಕೆ ಪ್ರತಿಕಾಯಗಳಿಲ್ಲ. 2019ರಲ್ಲಿ ಇಲಿಯ ಕಿವಿಗೆ ಯೀಸ್ಟ್ ಹಚ್ಚಿ ನೋಡಿದಾಗ, ಇಂಟರ್‌ಲ್ಯೂಕಿನ್-17 ಎಂಬ ಸಂಕೇತ ಅದನ್ನು ಹದ್ದಿನಲ್ಲಿಡುವುದು ಕಂಡಿತು. ಒಂದೊಂದು ಮಾದರಿಯೂ ಅರ್ಧ ಸತ್ಯವನ್ನೇ ಹೇಳುತ್ತದೆ. ನಾವು ಕೂಡಿಸಿ ಓದಬೇಕು.

ಇಷ್ಟು ಶ್ರಮ ಬರೀ ಹೊಟ್ಟಿಗಾಗಿಯೆ? ಅಲ್ಲ. ದಿನ ತುಂಬದೆ ಹುಟ್ಟಿದ ಕೂಸಿಗೆ ರಕ್ತನಾಳದ ಮೂಲಕ ಕೊಬ್ಬಿನ ಆಹಾರ ಕೊಡುವಾಗ ಈ ಯೀಸ್ಟ್ ರಕ್ತಕ್ಕೆ ಇಳಿಯಬಹುದು. ಅಮೆರಿಕದ ಒಂದು ಶಿಶು ಘಟಕದಲ್ಲಿ ಹರಡಿದ್ದ ತಳಿಯೇ ಸಿಬ್ಬಂದಿಯ ಸಾಕುನಾಯಿಗಳಲ್ಲೂ ಇತ್ತೆಂದು 1998ರಲ್ಲಿ ವರದಿಯಾಯಿತು. ನಾಯಿಯನ್ನು ಮುದ್ದಿಸೋಣ, ಎಳೆಗೂಸನ್ನು ಮುಟ್ಟುವ ಮುನ್ನ ಮಾತ್ರ ಸೋಪು ಹಚ್ಚಿ ಕೈ ತೊಳೆಯೋಣ.