ತಂಗಡಿ ಹೂವು ಮತ್ತು ಜೀವಕೋಶದ ಒಲೆ

ಸಂಡೂರು ತಾಲ್ಲೂಕಿನ ಯಶವಂತನಗರವೂ ಸೇರಿದಂತೆ ಬಳ್ಳಾರಿ ಸೀಮೆಯ ಒಣಭೂಮಿಯಲ್ಲಿ ಯಾರೂ ನೀರೆರೆಯದೆ ಬೆಳೆಯುವ ಪೊದೆ ತಂಗಡಿ. ಹಳೇ ಮೈಸೂರಿನವರು ಇದನ್ನು ಆವರಿಕೆ ಎನ್ನುತ್ತಾರೆ. ತೊಗಟೆ ಚರ್ಮ ಹದಮಾಡಲು, ಹಳದಿ ಹೂವು ಸಕ್ಕರೆ ಕಾಯಿಲೆಗೆ ಎಂಬುದು ಹಿರಿಯರ ವಾಡಿಕೆ. ಈ ಮಾತಿನಲ್ಲಿ ಸತ್ಯಾಂಶವೆಷ್ಟು?

ನಾವು ಉಂಡ ಅನ್ನ, ರೊಟ್ಟಿ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಜೀವಕೋಶದೊಳಗಿನ ಮೈಟೋಕಾಂಡ್ರಿಯಾಗಳು ಪುಟ್ಟ ಒಲೆಗಳಿದ್ದಂತೆ. ಆಮ್ಲಜನಕದ ನೆರವಿನಿಂದ ಆಹಾರದ ಶಕ್ತಿಯನ್ನು ಅವು ಎ.ಟಿ.ಪಿ. ರೂಪಕ್ಕೆ ತರುತ್ತವೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಎ.ಟಿ.ಪಿ. ಹೆಚ್ಚಿದಾಗಲೇ ಇನ್ಸುಲಿನ್ ಹೊರಬೀಳುತ್ತದೆ. ರಕ್ತದ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಒಲೆ ಹೊಗೆಯಾಡುತ್ತದೆ. ಹಾನಿಕಾರಕ ಆಮ್ಲಜನಕ ಕಣಗಳು ಹೆಚ್ಚಿ ಕೋಶವನ್ನೇ ಕೆಡಿಸುತ್ತವೆ.

ಇದನ್ನು ಅಭ್ಯಸಿಸಲು ವಿಜ್ಞಾನಿಗಳು ಸ್ಟ್ರೆಪ್ಟೊಝೋಟೋಸಿನ್ ಎಂಬ ರಾಸಾಯನಿಕದಿಂದ ಇಲಿಗಳ ಬೀಟಾ ಕೋಶಗಳನ್ನು ನಾಶಪಡಿಸುತ್ತಾರೆ. ಬಳಿಕ ಒಂದು ಗುಂಪಿಗೆ ಮೂಲಿಕೆಯ ಸಾರ ಕೊಟ್ಟು, ಕೊಡದ ಗುಂಪಿನೊಡನೆ ಹೋಲಿಸುತ್ತಾರೆ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಇಂಥ ಪ್ರಯೋಗದಲ್ಲಿ ತಂಗಡಿ ಹೂವಿನ ಸಾರ ಪಡೆದ ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಯಕೃತ್ತು, ಮೂತ್ರಪಿಂಡಗಳ ಮೈಟೋಕಾಂಡ್ರಿಯಾ ಕಿಣ್ವಗಳನ್ನು ಅಳೆದು ಮೂಲಿಕೆಗಳನ್ನು ಪರೀಕ್ಷಿಸುವ ಕ್ರಮವೂ ಇದೆ.

ಹಾಗಾದರೆ ಹೂವಿನ ಕಷಾಯವೇ ಸಾಕೆ? ಇಲ್ಲ. ಇಲಿಗೆ ಒಂದೇ ಚುಚ್ಚುಮದ್ದಿನಿಂದ ಬಂದ ರೋಗ ಬೇರೆ, ಮನುಷ್ಯನಿಗೆ ವರ್ಷಗಟ್ಟಲೆ ಬೆಳೆದ ರೋಗ ಬೇರೆ. ಪ್ರಯೋಗಾಲಯದಲ್ಲಿ ಇಲಿಯ ತೂಕಕ್ಕೆ ತಕ್ಕಂತೆ ಮಿಲಿಗ್ರಾಂ ಲೆಕ್ಕದಲ್ಲಿ ಸಾರ ಕೊಡುತ್ತಾರೆ. ಮನೆಯ ಕಷಾಯಕ್ಕೆ ಅಂಥ ಅಳತೆಯಿಲ್ಲ.

ಮೂಲಿಕೆಯಿಂದ ಮಾತ್ರೆಯವರೆಗಿನ ದಾರಿ ಎಷ್ಟು ದೂರವೆಂಬುದಕ್ಕೆ ಮೆಟ್‌ಫಾರ್ಮಿನ್ ಸಾಕ್ಷಿ. ಯೂರೋಪಿನ ಗಲೇಗಾ ಗಿಡದಲ್ಲಿದ್ದ ಗ್ವಾನಿಡಿನ್ ಬಗೆಯ ವಸ್ತು ಸಕ್ಕರೆ ಇಳಿಸುತ್ತಿತ್ತು, ಆದರೆ ಅದು ವಿಷಕಾರಿ. ಅದಕ್ಕೆ ಹತ್ತಿರದ ಮೆಟ್‌ಫಾರ್ಮಿನ್ 1922ರಲ್ಲಿ ತಯಾರಾಯಿತು. ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ರೋಗಿಗಳಲ್ಲಿ ಅದರ ಗುಣವನ್ನು ವರದಿ ಮಾಡಿದ್ದು 1957ರಲ್ಲಿ. ಅದು ಮೈಟೋಕಾಂಡ್ರಿಯಾದ ಮೊದಲನೆಯ ಕಿಣ್ವ ಸಂಕೀರ್ಣವನ್ನು ನಿಧಾನಗೊಳಿಸುತ್ತದೆಂದು ತಿಳಿದದ್ದು 2000ದಲ್ಲಿ!

ಪೋಷಕರು ಒಂದು ಮಾತನ್ನು ನೆನಪಿಡಬೇಕು. ಟೈಪ್-1 ಮಧುಮೇಹವಿರುವ ಮಗುವಿಗೆ ಮೂಲಿಕೆಯನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಮಾತ್ರೆ ನುಂಗುವ ಹಿರಿಯರು ಜತೆಗೆ ಕಷಾಯ ಕುಡಿಯುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಸಕ್ಕರೆ ತೀರಾ ಇಳಿದರೂ ಅಪಾಯವೇ. ಇನ್ನು ವಿದ್ಯಾರ್ಥಿಗಳಿಗೆ, ಬದುವಿನ ತಂಗಡಿ ಔಷಧಿಯ ಅಂಗಡಿಯಲ್ಲ. ಉತ್ತರ ಹುಡುಕಬೇಕಾದ ಒಳ್ಳೆಯ ಪ್ರಶ್ನೆ.