ಗಟ್ಟಿಯಾದ ಕ್ಲಚ್: ಗೇರ್‌ಬಾಕ್ಸ್ ಇಳಿಸುವ ಮುನ್ನ ಕೇಬಲ್ ನೋಡಿ

ಗೋಕಾಕ: ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳಲ್ಲಿ ಕಾರು ಚಾಲಕರ ಎಡಗಾಲಿಗೆ ಬಿಡುವಿರುವುದಿಲ್ಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಮೊದಲ ಹಾಗೂ ಎರಡನೇ ಗೇರಿನಲ್ಲಿಯೇ ಬಹುದೂರ ಸಾಗಬೇಕಾಗುತ್ತದೆ. ಹೊಸ ಕಾರುಗಳು ಇದನ್ನು ತಾಳಿಕೊಳ್ಳುತ್ತವೆ. ಇಪ್ಪತ್ತು, ಮೂವತ್ತು ವರ್ಷ ದಾಟಿದ ಮಾರುತಿ 800ರಂಥ ಕಾರುಗಳಲ್ಲಿ ಮಾತ್ರ ಕ್ಲಚ್ ಪೆಡಲ್ ಗಟ್ಟಿಯಾಗುವುದು, ಒತ್ತಿದ ಪೆಡಲ್ ತಡವಾಗಿ ಮೇಲೇಳುವುದು, ರಿವರ್ಸ್ ಗೇರ್ ಕರಕರನೆ ಸದ್ದು ಮಾಡುವುದು ಕಾಣಿಸಿಕೊಳ್ಳುತ್ತದೆ.

‘ಕ್ಲಚ್ ಪ್ಲೇಟ್ ಹೋಗಿದೆ’ ಎಂಬ ತೀರ್ಮಾನ ಇಂಥ ಸಂದರ್ಭದಲ್ಲಿ ಥಟ್ಟನೆ ಬಂದುಬಿಡುತ್ತದೆ. ಪ್ಲೇಟ್ ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು. ಬಿಡಿಭಾಗ, ಕೂಲಿ ಸೇರಿ ವೆಚ್ಚ ಸಾವಿರಗಳ ಲೆಕ್ಕದಲ್ಲಿರುತ್ತದೆ. ದೋಷವಿರುವುದು ಕೆಲವು ನೂರು ರೂಪಾಯಿಯ ಕೇಬಲ್‌ನಲ್ಲಾದರೆ ಹೊಸ ಪ್ಲೇಟ್ ಹಾಕಿಸಿದ ಮೇಲೂ ಪೆಡಲ್ ಗಟ್ಟಿಯಾಗಿಯೇ ಉಳಿಯುತ್ತದೆ.

ಮಧ್ಯಮ ವರ್ಗದ ಮೊದಲ ಕಾರು

1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿ ಅವರು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದ್ದರು. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್‌ನ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 2021ರ ನಿಯಮದ ಪ್ರಕಾರ ‘ವಿಂಟೇಜ್’ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ತುಂಬಿರಬೇಕು. ಮೊದಲ 800ಕ್ಕೂ ಆ ಗೌರವ ಸಿಗುವುದು 2033ರಲ್ಲಿಯೇ. ಅಲ್ಲಿಯವರೆಗೆ 15 ವರ್ಷ ಮೀರಿದ ಕಾರಿನ ನೋಂದಣಿಯನ್ನು ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹಳೆಯ ಕಾರು ಉಳಿಸಿಕೊಳ್ಳುವವರಿಗೆ ಅನಗತ್ಯ ದುರಸ್ತಿ ಹೊರೆಯಾಗುವುದು ಈ ಕಾರಣಕ್ಕೇ.

ಕೇಬಲ್ ಮಾಡುವ ಕೆಲಸ

ಕ್ಲಚ್ ಕೇಬಲ್‌ನ ರಚನೆ ಸೈಕಲ್ ಬ್ರೇಕ್‌ನ ತಂತಿಯಂಥದ್ದೇ. ಹೊರಗೊಂದು ಕೊಳವೆ, ಅದರೊಳಗೆ ಎಳೆಗಳನ್ನು ಹೆಣೆದ ಉಕ್ಕಿನ ತಂತಿ. ಪೆಡಲ್ ಒತ್ತಿದಾಗ ತಂತಿಯು ಗೇರ್‌ಬಾಕ್ಸ್ ಬಳಿಯ ಲಿವರನ್ನು ಎಳೆಯುತ್ತದೆ. ಆಗ ಕ್ಲಚ್ ಪ್ಲೇಟ್ ಸಡಿಲಗೊಂಡು ಎಂಜಿನ್ನಿಗೂ ಗೇರ್‌ಬಾಕ್ಸ್‌ಗೂ ಸಂಪರ್ಕ ತಪ್ಪುತ್ತದೆ.

ತಂತಿ ಕೊಳವೆಯೊಳಗೆ ಬಿಗಿದುಕೊಂಡರೆ ತೊಂದರೆ ಎರಡು ಬಗೆ. ಪೂರ್ತಿ ಎಳೆಯದಿದ್ದರೆ ಗೇರ್ ಬೀಳುವುದಿಲ್ಲ. ಪೂರ್ತಿ ಹಿಂದಿರುಗದಿದ್ದರೆ ಪ್ಲೇಟ್ ಅರ್ಧ ಹಿಡಿತದಲ್ಲಿ ಜಾರುತ್ತಾ ಸುಟ್ಟುಹೋಗುತ್ತದೆ. ಅಂದರೆ ಕೇಬಲ್ ದೋಷವನ್ನು ಹಾಗೆಯೇ ಬಿಟ್ಟರೆ ಚೆನ್ನಾಗಿದ್ದ ಪ್ಲೇಟ್ ಕೂಡ ನಿಜವಾಗಿಯೇ ಕೆಡುತ್ತದೆ.

ಪರೀಕ್ಷೆ ಹೇಗೆ?

ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಡಬೇಕು. ಎಂಜಿನ್ ಆರಿ ತಣ್ಣಗಾಗಿರಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಬಾರದು.

ಗೇರ್‌ಬಾಕ್ಸ್ ಬದಿಯ ಹೊಂದಾಣಿಕೆ ನಟ್ ಸಡಿಲಿಸಿ ಕೇಬಲ್ ತುದಿಯನ್ನು ಲಿವರ್‌ನಿಂದ ಬಿಡಿಸಬೇಕು. ಬಳಿಕ ಪೆಡಲ್ ಕಡೆಯ ತುದಿಯನ್ನೂ ಬಿಡಿಸಿ ತಂತಿಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಬೇಕು. ಅದು ಸಲೀಸಾಗಿ ಜಾರಬೇಕು. ತಡೆದು ತಡೆದು ಬಂದರೆ ದೋಷ ಕೇಬಲ್‌ನದೇ.

ತಂತಿ ಸರಾಗವಾಗಿದ್ದರೆ ಪೆಡಲನ್ನು ಮಾತ್ರ ಆಡಿಸಬೇಕು. ಪೆಡಲ್ ತಿರುಗುವ ಬುಷ್ ತುಕ್ಕು ಹಿಡಿದಿದ್ದರೂ ಕಾಲಿಗೆ ಇದೇ ಅನುಭವವಾಗುತ್ತದೆ. ಇದಕ್ಕೆ ಶುಚಿಗೊಳಿಸಿ ಗ್ರೀಸ್ ಹಚ್ಚಿದರೆ ಸಾಕು.

ಬಿಗಿಯಲು ಕಾರಣಗಳೇನು?

ಕೇಬಲ್ ತುದಿಯ ರಬ್ಬರ್ ಮುಸುಕು ಹರಿದರೆ ಎರೆ ಮಣ್ಣಿನ ಧೂಳು, ಮಳೆನೀರು ಒಳಸೇರುತ್ತವೆ. ಮಣ್ಣು ಗಟ್ಟಿಯಾಗುತ್ತದೆ, ತಂತಿಗೆ ತುಕ್ಕು ಹಿಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ನಗರಕ್ಕೆ ನುಗ್ಗಿದಂಥ ನೆರೆಯಲ್ಲಿ ನಿಂತ ವಾಹನಗಳಲ್ಲಿ ಈ ಅಪಾಯ ಹೆಚ್ಚು. ತಂತಿಯ ಒಂದೇ ಒಂದು ಎಳೆ ತುಂಡಾದರೂ ಅದು ಕೊಳವೆಯ ಒಳಮೈಯನ್ನು ಗೀರುತ್ತದೆ. ಹಿಂದಿನ ದುರಸ್ತಿಯಲ್ಲಿ ಕೇಬಲನ್ನು ತೀರಾ ಬಾಗಿಸಿ ಕೂರಿಸಿದ್ದರೂ, ಸೈಲೆನ್ಸರ್ ಪೈಪಿಗೆ ತಾಗುವಂತೆ ಬಿಟ್ಟಿದ್ದರೂ ಇದೇ ಫಲ.

ಅನೇಕರ ಗಮನಕ್ಕೆ ಬಾರದ ಇನ್ನೊಂದು ಕಾರಣವೂ ಉಂಟು. ಎಂಜಿನ್ನನ್ನು ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ಸಡಿಲವಾದರೆ ಸ್ಟಾರ್ಟರ್‌ನ ವಿದ್ಯುತ್ ಬೇರೆ ದಾರಿ ಹುಡುಕುತ್ತದೆ. ಲೋಹದ ಕ್ಲಚ್ ಕೇಬಲ್ ಅಂಥ ದಾರಿ. ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ತಂತಿ ಕಾದು, ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಅಂಟಿಕೊಳ್ಳುತ್ತದೆ. ಹೊಸ ಕೇಬಲ್ ಕೆಲವೇ ದಿನಗಳಲ್ಲಿ ಮತ್ತೆ ಬಿಗಿದರೆ, ಸ್ಟಾರ್ಟರ್ ನಿಧಾನವಾಗಿ ತಿರುಗುತ್ತಿದ್ದರೆ ಮೊದಲು ಈ ಪಟ್ಟಿಯನ್ನು ನೋಡಬೇಕು. ಸ್ಟಾರ್ಟ್ ಮಾಡುವಾಗ ಎಂಜಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸಂಪರ್ಕ ಕೆಟ್ಟಿದೆ ಎಂದೇ ಅರ್ಥ.

ಪರಿಹಾರ

ಎಳೆ ತುಂಡಾದ, ತುಕ್ಕು ಹಿಡಿದ ಅಥವಾ ಕರಗಿದ ಕೇಬಲ್‌ಗೆ ಎಣ್ಣೆ ಬಿಡುವುದು ಪರಿಹಾರವಲ್ಲ, ಅದನ್ನು ಬದಲಿಸಲೇಬೇಕು. ಒಳಪದರವಿಲ್ಲದ ಹಳೆಯ ಮಾದರಿಯ ಕೇಬಲ್ ಒಣಗಿದ್ದರೆ ಮಾತ್ರ ಅದನ್ನು ಲಂಬವಾಗಿ ತೂಗುಹಾಕಿ, ಕೆಳತುದಿಯಿಂದ ಹನಿ ಬೀಳುವವರೆಗೆ ತೆಳು ಎಣ್ಣೆ ಬಿಡಬಹುದು. ಪ್ಲಾಸ್ಟಿಕ್ ಪದರವಿರುವ ಕೇಬಲ್‌ಗೆ ಗ್ರೀಸ್ ತುಂಬಬಾರದು. ಅದು ಧೂಳನ್ನು ಹಿಡಿದಿಟ್ಟು ಅಂಟಾಗುತ್ತದೆ.

ಹೊಸ ಕೇಬಲನ್ನು ಮೂಲ ದಾರಿಯಲ್ಲಿಯೇ, ತಿರುವುಗಳು ವಿಶಾಲವಾಗಿರುವಂತೆ ಕೂರಿಸಬೇಕು. ಪೆಡಲ್ ಮೇಲ್ಭಾಗದಲ್ಲಿ ಕಾಲಿಗೆ ಭಾರವೆನಿಸದ ಸ್ವಲ್ಪ ಸಡಿಲ ಚಲನೆ ಉಳಿಯಬೇಕು. ಇದು ಸಾಮಾನ್ಯವಾಗಿ ಎರಡು ಸೆಂಟಿಮೀಟರ್ ಆಸುಪಾಸು. ನಿಖರ ಅಳತೆ ಕಾರಿನ ಕೈಪಿಡಿಯಲ್ಲಿರುತ್ತದೆ. ಸಡಿಲ ಇಲ್ಲದಿದ್ದರೆ ಪ್ಲೇಟ್ ಜಾರುತ್ತದೆ, ಹೆಚ್ಚಾದರೆ ಗೇರ್ ಸದ್ದು ಮಾಡುತ್ತದೆ. ಹೊಸ ಕೇಬಲ್ ಕೂತುಕೊಳ್ಳುವುದರಿಂದ ವಾರದ ಬಳಿಕ ಮತ್ತೊಮ್ಮೆ ಅಳತೆ ನೋಡುವುದು ಒಳಿತು.

ಎಲ್ಲ ಹಳೆಯ ಕಾರುಗಳಲ್ಲಿಯೂ ಕೇಬಲ್ ಇರುವುದಿಲ್ಲ. ಕೆಲವು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಅಲ್ಲಿ ಸಿಲಿಂಡರ್ ಸೋರಿಕೆಯನ್ನು ನೋಡಬೇಕಾಗುತ್ತದೆ. ಕೇಬಲ್ ಹಾಗೂ ಪೆಡಲ್ ಎರಡೂ ಸಲೀಸಾಗಿದ್ದು, ಜೋಡಿಸಿದಾಗ ಮಾತ್ರ ಗಟ್ಟಿಯಾಗುವಂತಿದ್ದರೆ ದೋಷ ಒಳಗಿನ ಪ್ರೆಶರ್ ಪ್ಲೇಟ್, ಬೇರಿಂಗ್ ಅಥವಾ ಲಿವರ್‌ನ ಬುಷ್‌ನಲ್ಲಿರುತ್ತದೆ. ಗೇರ್‌ಬಾಕ್ಸ್ ಇಳಿಸಲು ಹೇಳಬೇಕಾದದ್ದು ಆಗ ಮಾತ್ರ.