ಛಾಯಾಚಿತ್ರದ ಸಾಕ್ಷ್ಯವೆಷ್ಟು ಸತ್ಯ?

ಹಾಸನದ ಸಮೀಪ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ಹಿನ್ನೀರಿನ ನಡುವಣ ಪಾಳು ಇಗರ್ಜಿಯ ಚಿತ್ರವನ್ನು ವಾಚಕರು ಕಂಡಿರಬಹುದು. ಮಳೆಗಾಲದ ಚಿತ್ರದಲ್ಲಿ ಗೋಡೆಗಳು ನೀರಿನಲ್ಲಿ ಮುಳುಗಿವೆ. ಬೇಸಗೆಯದರಲ್ಲಿ ಸುತ್ತಲೂ ಒಣನೆಲ. ಎರಡೂ ನಿಜವೇ. ಆದರೆ ಮೊದಲನೆಯದರ ಕೆಳಗೆ ‘ನಿನ್ನೆಯ ಪ್ರವಾಹ’ ಎಂದು ಬರೆದುಬಿಟ್ಟರೆ, ಚಿತ್ರದ ಒಂದು ಚುಕ್ಕೆಯನ್ನೂ ತಿದ್ದದೆ ಸುಳ್ಳು ಸಿದ್ಧವಾಯಿತು!

ತಿದ್ದುವಿಕೆಯೇನೂ ಹೊಸತಲ್ಲ. ಹಿಂದಿನ ಸ್ಟುಡಿಯೋಗಳಲ್ಲಿ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಾಡಿಸಿ ಮುಖದ ಸಿಡುಬಿನ ಕಲೆಗಳನ್ನು ಅಳಿಸುತ್ತಿದ್ದರು. ಆ ಕೈಚಳಕದಿಂದ ಕುದುರಿದ ಮದುವೆಗಳೆಷ್ಟೋ! ಆದರೂ ಸಂಶಯ ಬಂದವನು ನೆಗೆಟಿವನ್ನು ತರಿಸಿ ನೋಡಬಹುದಿತ್ತು. ಈಗಿನ ಡಿಜಿಟಲ್ ಚಿತ್ರಕ್ಕೆ ಮೂಲವಾವುದು, ಪ್ರತಿಯಾವುದು? ಇಲ್ಲದ ಮುಖವನ್ನೇ ಗಣಕಯಂತ್ರವು ಕ್ಷಣಾರ್ಧದಲ್ಲಿ ಸೃಷ್ಟಿಸಬಲ್ಲುದು.

ಇದರಿಂದ ಇನ್ನೊಂದು ಅಪಾಯವೂ ಒದಗಿದೆ. ನಿಜವಾದ ಚಿತ್ರವನ್ನೂ ‘ಕೃತಕ’ವೆಂದು ತಳ್ಳಿಹಾಕುವುದು ಸುಲಭವಾಗಿದೆ. 2024ರ ಏಪ್ರಿಲಿನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಅಂದಿನ ಸಂಸದ ಪ್ರಜ್ವಲ್ ರೇವಣ್ಣನವರಿಗೆ ಸಂಬಂಧಿಸಿದವೆನ್ನಲಾದ ದೃಶ್ಯಗಳು ಪೆನ್‌ಡ್ರೈವ್‌ಗಳಲ್ಲಿ ಹಾಸನದೆಲ್ಲೆಡೆ ಹರಡಿದವು. ಅವು ತಿರುಚಿದ ದೃಶ್ಯಗಳೆಂದು ಅವರ ಕಡೆಯವರು ದೂರಿತ್ತರು. ಹೆಂಗಸರ ಮುಖಗಳನ್ನು ಮರೆಮಾಡದೆಯೇ ಹಂಚಿದವರು ಆ ನೊಂದ ಜೀವಗಳಿಗೆ ಮತ್ತೊಂದು ಅನ್ಯಾಯವನ್ನೆಸಗಿದರೆಂದು ಹೇಳದೆ ವಿಧಿಯಿಲ್ಲ. ವಿಶೇಷ ತನಿಖಾ ತಂಡವು ರಚಿತವಾಯಿತು. ಮನೆಗೆಲಸದ ಮಹಿಳೆಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 1ರಂದು ಅವರನ್ನು ದೋಷಿಯೆಂದು ಸಾರಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅಲ್ಲಿ ದೃಶ್ಯವೊಂದೇ ನಿಂತಿರಲಿಲ್ಲ. ಆಕೆಯ ಬಾಯಿಮಾತಿತ್ತು, ಹೊಳೆನರಸೀಪುರ ತಾಲ್ಲೂಕಿನ ಗನ್ನಿಕಡದ ತೋಟದ ಮನೆಯಿತ್ತು, ಉಳಿದಿದ್ದ ಸೀರೆಯೊಂದರ ಮೇಲೆ ಡಿ.ಎನ್.ಎ. ಕುರುಹಿತ್ತು. ಯಂತ್ರದ ಕಣ್ಣು ಕಂಡದ್ದನ್ನು ಹಳೆಯ ಸೀರೆಯೊಂದು ಅನುಮೋದಿಸಿತು.

ಕಾನೂನೂ ಎಚ್ಚೆತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಡಿಜಿಟಲ್ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವಿರಬೇಕು. ಅದರಲ್ಲಿ ‘ಹ್ಯಾಶ್’ ಎಂಬ ಸಂಕೇತವನ್ನೂ ನಮೂದಿಸಬೇಕು. ಚಿತ್ರದ ಒಂದೇ ಒಂದು ಬಿಂದು ಬದಲಾದರೂ ಈ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಸೊಗಸಾದ ಉಪಾಯ! ಆದರೆ ಇದು ಮೊಹರು ಹಾಕಿದ ಲಕೋಟೆಯಂತೆ: ಮೊಹರಾದ ಬಳಿಕ ಯಾರೂ ಒಡೆದಿಲ್ಲವೆಂದು ಹೇಳಬಲ್ಲುದೇ ಹೊರತು, ಒಳಗಿನ ಕಾಗದ ಮೊದಲೇ ಸುಳ್ಳಾಗಿತ್ತೇ ಎಂಬುದನ್ನಲ್ಲ.

ಅರಕಲಗೂಡಿನ ಹೊಲದ ಬದುವಿನ ವ್ಯಾಜ್ಯವಿರಲಿ, ಚನ್ನರಾಯಪಟ್ಟಣದ ಹೆದ್ದಾರಿಯ ಅಪಘಾತವಿರಲಿ, ಈಗ ಎಲ್ಲರೂ ಮೊದಲು ಚಾಚುವುದು ಮೊಬೈಲನ್ನೇ. ಅಂಥವರು ಇಷ್ಟನ್ನು ತಿಳಿದಿರಬೇಕು: ವಾಟ್ಸ್‌ಆ್ಯಪಿನಲ್ಲಿ ಮಾಮೂಲಾಗಿ ಕಳುಹಿಸಿದ ಚಿತ್ರ ಕುಗ್ಗುತ್ತದೆ, ಎಲ್ಲಿ, ಎಂದು ತೆಗೆದದ್ದೆಂಬ ಅದರೊಳಗಣ ವಿವರಗಳೂ ಕಳಚಿಹೋಗುತ್ತವೆ. ಆದುದರಿಂದ ಮೂಲಚಿತ್ರವನ್ನು, ಅದನ್ನು ತೆಗೆದ ಮೊಬೈಲಿನೊಡನೆ, ಮೊಕದ್ದಮೆ ಮುಗಿಯುವ ತನಕ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.